ಸಮಾಜ ಪರಿವರ್ತನ ಸಮುದಾಯ: ತುಂಗಭದ್ರೆಯ ತೀರದಿಂದ ಚಿತ್ರದುರ್ಗದ ಗಣಿಗಳವರೆಗೆ

2011ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟ್ ಹೊರಡಿಸಿದ ಆದೇಶವೊಂದು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ಸ್ಥಗಿತಗೊಳಿಸಿತು. ಅದಕ್ಕೆ ಸರಿಯಾಗಿ ನಾಲ್ಕು ವಾರ ಮೊದಲು, ಜುಲೈ 29ರಂದು, ಬಳ್ಳಾರಿಯ ಗಣಿಗಳಿಗೂ ಇದೇ ಗತಿಯಾಗಿತ್ತು. ಹೊಳಲ್ಕೆರೆ, ಹೊಸದುರ್ಗ ಮತ್ತು ಭೀಮಸಮುದ್ರದ ಕಡೆಯಿಂದ ಹಗಲಿರುಳು ಓಡುತ್ತಿದ್ದ ಅದಿರು ಲಾರಿಗಳು ನಿಂತವು. ಅಡಿಕೆ ತೋಟಗಳ ಮೇಲೆ ಕೂರುತ್ತಿದ್ದ ಕೆಂಪು ದೂಳು ಕಡಿಮೆಯಾಯಿತು. ಅದರ ಜೊತೆಗೇ ಲಾರಿ ಮಾಲೀಕರು, ಚಾಲಕರು, ಕ್ಲೀನರ್‌ಗಳು ಹಾಗೂ ಗಣಿ ಕಾರ್ಮಿಕರ ಮನೆಗಳಲ್ಲಿ ದುಡಿಮೆಯೂ ನಿಂತಿತು.

ಇಷ್ಟು ದೊಡ್ಡ ಪರಿಣಾಮಕ್ಕೆ ಕಾರಣವಾದ ಮೊಕದ್ದಮೆಯ ಅರ್ಜಿದಾರರು ಸರ್ಕಾರದವರಲ್ಲ, ರಾಜಕೀಯ ಪಕ್ಷದವರೂ ಅಲ್ಲ. ಧಾರವಾಡದಲ್ಲಿ ಕಚೇರಿ ಹೊಂದಿರುವ ಸಮಾಜ ಪರಿವರ್ತನ ಸಮುದಾಯ ಎಂಬ ಸ್ವಯಂಸೇವಾ ಸಂಸ್ಥೆ ಅದರ ಮುಖ್ಯ ಅರ್ಜಿದಾರ. 2009ರ ರಿಟ್ ಅರ್ಜಿ ಸಂಖ್ಯೆ 562 ಎಂದು ದಾಖಲಾದ ಆ ಪ್ರಕರಣವು ಇಂದು ದೇಶದ ಪರಿಸರ ಕಾನೂನಿನ ಪಠ್ಯಗಳಲ್ಲಿ ಆ ಸಂಸ್ಥೆಯ ಹೆಸರಿನಿಂದಲೇ ಉಲ್ಲೇಖವಾಗುತ್ತದೆ.

ಹಿರಿಯೂರು ತಾಲ್ಲೂಕಿನ ಧರ್ಮಪುರ ಹೋಬಳಿಯ ಹರಿಯಬ್ಬೆಯಂತಹ ಬಯಲುಸೀಮೆಯ ಊರಿನಲ್ಲಿ ಕಬ್ಬಿಣದ ಗಣಿಯ ಮಾತಿಗಿಂತ ಮಳೆ ಮತ್ತು ಕೊಳವೆಬಾವಿಯ ಮಾತೇ ಹೆಚ್ಚು. ಆದರೂ ಜಿಲ್ಲೆಯ ಹೆಸರು ಸರ್ವೋಚ್ಚ ನ್ಯಾಯಾಲಯದ ಆದೇಶದಲ್ಲಿ ಸೇರಿದ ಮೇಲೆ, ಗುಡ್ಡ ಯಾರದು, ಕಾವಲು ಯಾರದು, ಅದಿರಿನಿಂದ ಬಂದ ಹಣ ಯಾರಿಗೆ ಸೇರಬೇಕು ಎಂಬ ಪ್ರಶ್ನೆಗಳು ಗಣಿ ಇಲ್ಲದ ಊರುಗಳಿಗೂ ಬಂದು ತಲುಪಿವೆ. ಈ ಹಿನ್ನೆಲೆಯಲ್ಲಿ ಸಂಸ್ಥೆಯ ಹುಟ್ಟು, ಬೆಳವಣಿಗೆ ಮತ್ತು ಅದು ನಡೆಸಿದ ಮೊಕದ್ದಮೆಗಳ ಪರಿಚಯ ಇಲ್ಲಿದೆ.

ವಕೀಲರ ಸಂಸ್ಥೆಯಲ್ಲ

ಮೊದಲಿಗೆ ಒಂದು ಸ್ಪಷ್ಟನೆ ಅಗತ್ಯ. ದೆಹಲಿ, ಮುಂಬೈಗಳಲ್ಲಿ ವಿದ್ಯುತ್, ಗಣಿ ಮತ್ತು ಪರಿಸರ ಕಾನೂನನ್ನೇ ವೃತ್ತಿಯಾಗಿಸಿಕೊಂಡ ದೊಡ್ಡ ವಕೀಲ ಸಂಸ್ಥೆಗಳಿವೆ. ಅವುಗಳ ಕಕ್ಷಿದಾರರು ಬಹುಪಾಲು ಕಂಪನಿಗಳೇ. ಕರ್ನಾಟಕದಲ್ಲಿ ಪರಿಸರ ಕಾನೂನು ಬೆಳೆದ ದಾರಿ ಬೇರೆ. ಇಲ್ಲಿ ಆ ಕೆಲಸವನ್ನು ಮಾಡಿದವರು ಬಹುಮಟ್ಟಿಗೆ ಕಪ್ಪು ಕೋಟು ಧರಿಸದ ಜನ: ಎಂಜಿನಿಯರುಗಳು, ಸಾಹಿತಿಗಳು, ನಿವೃತ್ತ ಅರಣ್ಯಾಧಿಕಾರಿಗಳು, ರೈತರು, ಮೀನುಗಾರರು. ಅವರು ದಾಖಲೆ ಕಲೆಹಾಕಿ, ಊರೂರು ಸುತ್ತಿ, ಆಮೇಲೆ ತಮ್ಮ ವಾದವನ್ನು ಒಪ್ಪಿ ನಿಲ್ಲುವ ವಕೀಲರನ್ನು ಹುಡುಕಿಕೊಂಡರು. ಗಣಿ ಪ್ರಕರಣದಲ್ಲಿ ಸಮುದಾಯದ ಪರ ವಾದಿಸಿದವರು ಹಿರಿಯ ವಕೀಲ ಪ್ರಶಾಂತ್ ಭೂಷಣ್.

ಈ ದಾರಿ ಸಾಧ್ಯವಾದದ್ದು ಕಾನೂನಿನಲ್ಲಿಯೇ ಆದ ಒಂದು ಬದಲಾವಣೆಯಿಂದ. ಹಿಂದೆ ಅನ್ಯಾಯಕ್ಕೆ ನೇರವಾಗಿ ಗುರಿಯಾದವನು ಮಾತ್ರ ನ್ಯಾಯಾಲಯದ ಮೆಟ್ಟಿಲು ಹತ್ತಬಹುದಿತ್ತು. 1981ರಲ್ಲಿ ಎಸ್.ಪಿ. ಗುಪ್ತಾ ಪ್ರಕರಣದ ತೀರ್ಪಿನಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರು, ಬಡತನ ಅಥವಾ ಅಸಹಾಯಕತೆಯಿಂದ ನ್ಯಾಯಾಲಯಕ್ಕೆ ಬರಲಾಗದವರ ಪರವಾಗಿ ಸಾರ್ವಜನಿಕ ಕಾಳಜಿಯುಳ್ಳ ಯಾವುದೇ ನಾಗರಿಕ ಅರ್ಜಿ ಸಲ್ಲಿಸಬಹುದೆಂಬ ತತ್ವವನ್ನು ಎತ್ತಿಹಿಡಿದರು. ಸಾರ್ವಜನಿಕ ಹಿತಾಸಕ್ತಿ ಅರ್ಜಿ ಎಂಬ ಮಾತು ಪತ್ರಿಕೆಗಳಲ್ಲಿ ಬಳಕೆಗೆ ಬಂದದ್ದು ಆ ಕಾಲದಲ್ಲಿ. ಅದಕ್ಕೂ ಮೊದಲೇ 1974ರ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆ, 1976ರಲ್ಲಿ ಸಂವಿಧಾನಕ್ಕೆ ಸೇರಿದ 48ಎ ವಿಧಿ ಮತ್ತು 1980ರ ಅರಣ್ಯ ಸಂರಕ್ಷಣಾ ಕಾಯ್ದೆಗಳು ಜಾರಿಯಲ್ಲಿದ್ದವು. ಭೋಪಾಲ್ ದುರಂತದ ನಂತರ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂದಿತು. ಕಾಯ್ದೆಗಳಿಗೆ ಕೊರತೆ ಇರಲಿಲ್ಲ. ಅವುಗಳನ್ನು ಹಿಡಿದು ಕೇಳುವವರು ಬೇಕಾಗಿದ್ದರು.

ಷಿಕಾಗೋದಿಂದ ಮೆಡ್ಲೇರಿಗೆ

ಸಮುದಾಯದ ಸ್ಥಾಪಕ ಎಸ್.ಆರ್. ಹಿರೇಮಠ ಅವರು ಅಮೆರಿಕದಲ್ಲಿ ಎಂಜಿನಿಯರಿಂಗ್‌ನಲ್ಲಿ ಉನ್ನತ ಶಿಕ್ಷಣ ಪಡೆದು ಷಿಕಾಗೋದಲ್ಲಿ ಉದ್ಯೋಗದಲ್ಲಿದ್ದವರು. 1974ರಲ್ಲಿ ಅಲ್ಲಿನ ಭಾರತೀಯರು ಸೇರಿ ಕಟ್ಟಿದ ಇಂಡಿಯಾ ಡೆವಲಪ್‌ಮೆಂಟ್ ಸರ್ವಿಸ್ ಎಂಬ ಸಂಸ್ಥೆಯಲ್ಲಿ ಅವರು ಮುಂಚೂಣಿಯಲ್ಲಿದ್ದರು. 1979ರಲ್ಲಿ ಪತ್ನಿ ಮೇವಿಸ್ ಅವರೊಂದಿಗೆ ಸ್ವದೇಶಕ್ಕೆ ಮರಳಿ, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಿ ಗ್ರಾಮಾಭಿವೃದ್ಧಿ ಕೆಲಸಕ್ಕೆ ತೊಡಗಿದರು.

ಅಲ್ಲಿಂದ ತುಂಗಭದ್ರಾ ನದಿ ದೂರವಿಲ್ಲ. ನದಿಯ ಒಂದು ದಡದಲ್ಲಿ ಹರಿಹರ, ಎದುರು ದಡದ ಕುಮಾರಪಟ್ಟಣದಲ್ಲಿ ಬಿರ್ಲಾ ಸಮೂಹದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ. ಮರದ ತಿರುಳಿನಿಂದ ರೇಯಾನ್ ದಾರಕ್ಕೆ ಬೇಕಾದ ಕಚ್ಚಾವಸ್ತು ತಯಾರಿಸುವ ಈ ಕಾರ್ಖಾನೆಯ ತ್ಯಾಜ್ಯನೀರು ನದಿ ಸೇರುತ್ತಿದೆ, ನೀರಿನ ಬಣ್ಣ ಬದಲಾಗಿದೆ, ಮೀನುಗಳು ಸಾಯುತ್ತಿವೆ ಎಂಬುದು ಕೆಳಹರಿವಿನ ಗ್ರಾಮಗಳ ಜನರ ದೂರಾಗಿತ್ತು. ಅದೇ ನದಿಯ ನೀರನ್ನು ಆ ಜನರು ಕುಡಿಯುತ್ತಿದ್ದರು, ದನಕರುಗಳಿಗೆ ಕುಡಿಸುತ್ತಿದ್ದರು. ಗ್ರಾಮಾಭಿವೃದ್ಧಿ ಎಂದರೆ ಬಾವಿ ತೋಡಿಸುವುದು, ಸಾಲ ಕೊಡಿಸುವುದಷ್ಟೇ ಅಲ್ಲವೆಂಬುದು ಕಾರ್ಯಕರ್ತರಿಗೆ ಮನವರಿಕೆಯಾದದ್ದು ಈ ನದಿಯ ದಡದಲ್ಲಿ. 1984ರಲ್ಲಿ ಸಮಾಜ ಪರಿವರ್ತನ ಸಮುದಾಯ ಸ್ಥಾಪನೆಯಾಯಿತು. ಮಾಲಿನ್ಯ ವಿರೋಧಿ ಹೋರಾಟಕ್ಕೆ ಮೀನುಗಾರರು, ರೈತರು ಮತ್ತು ಪಟ್ಟಣದ ವಿದ್ಯಾವಂತರು ಜೊತೆಯಾದರು.

ಹೊಟ್ಟೆಪಾಡಿನ ಭಯವೂ ಅಲ್ಲಿತ್ತೆಂಬುದನ್ನು ಮರೆಯಲಾಗದು. ಸಾವಿರಾರು ಕುಟುಂಬಗಳು ಆ ಕಾರ್ಖಾನೆಯನ್ನು ನಂಬಿದ್ದವು. ಕಾರ್ಖಾನೆ ಮುಚ್ಚಬೇಕೆಂಬುದಲ್ಲ, ತ್ಯಾಜ್ಯವನ್ನು ಶುದ್ಧೀಕರಿಸಿ ಬಿಡಬೇಕೆಂಬುದೇ ತಮ್ಮ ಬೇಡಿಕೆಯೆಂದು ಹೋರಾಟಗಾರರು ಪದೇ ಪದೇ ವಿವರಿಸಬೇಕಾಯಿತು. ಮೂರು ದಶಕಗಳ ನಂತರ ಚಿತ್ರದುರ್ಗದಲ್ಲಿಯೂ ಇದೇ ಸಮಸ್ಯೆ ಎದುರಾಗಲಿತ್ತು.

ಕುಸನೂರಿನ ಸಸಿಗಳು

ಸಂಸ್ಥೆಗೆ ರಾಷ್ಟ್ರಮಟ್ಟದ ಹೆಸರು ತಂದ ಮೊದಲ ಪ್ರಕರಣ ನೀಲಗಿರಿ ತೋಪುಗಳದ್ದು. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಜಂಟಿಯಾಗಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿಯನ್ನು ಸ್ಥಾಪಿಸಿದವು. ಸರ್ಕಾರದ ಪಾಲು ಶೇಕಡ 51, ಖಾಸಗಿ ಕಂಪನಿಯ ಪಾಲು ಶೇಕಡ 49. ಕಾರ್ಖಾನೆಗೆ ಮರದ ತಿರುಳು ಒದಗಿಸಲು ಸುಮಾರು 30 ಸಾವಿರ ಹೆಕ್ಟೇರ್ ಭೂಮಿಯಲ್ಲಿ ನೀಲಗಿರಿ ಮುಂತಾದ ಗಿಡಗಳನ್ನು ಬೆಳೆಸುವುದು ಯೋಜನೆಯ ಉದ್ದೇಶ.

ಈ ಭೂಮಿ ಸರ್ಕಾರಿ ಕಡತಗಳಲ್ಲಿ ‘ಸಿ’ ಮತ್ತು ‘ಡಿ’ ದರ್ಜೆಯದು, ಅಂದರೆ ಬೆಲೆಬಾಳುವ ಕಾಡಿಲ್ಲದ್ದು. ಆದರೆ ಗ್ರಾಮಸ್ಥರ ಪಾಲಿಗೆ ಅದು ದನ ಮೇಯುವ ಹುಲ್ಲುಗಾವಲು, ಸೌದೆ ಮತ್ತು ಸೊಪ್ಪಿನ ಆಸರೆ. ಕಡತದ ಭಾಷೆಗೂ ಊರಿನ ಭಾಷೆಗೂ ಇರುವ ಈ ಅಂತರವೇ ಕರ್ನಾಟಕದ ಅನೇಕ ಭೂ ವಿವಾದಗಳ ಮೂಲ ಎಂದರೆ ತಪ್ಪಾಗಲಾರದು.

ಸಮುದಾಯವು ಡಾ. ಶಿವರಾಮ ಕಾರಂತ ಮೊದಲಾದವರೊಂದಿಗೆ ಸುಪ್ರೀಂ ಕೋರ್ಟಿನ ಮೊರೆಹೋಯಿತು. 1987ರಲ್ಲಿ ನ್ಯಾಯಾಲಯ ಯಥಾಸ್ಥಿತಿ ಕಾಯ್ದುಕೊಳ್ಳುವಂತೆ ಆದೇಶಿಸಿತು. ಅದೇ ವರ್ಷದ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಜನರು ನೀಲಗಿರಿ ಸಸಿಗಳನ್ನು ಸಾಂಕೇತಿಕವಾಗಿ ಕಿತ್ತು, ಆ ಜಾಗದಲ್ಲಿ ಹಣ್ಣು ಮತ್ತು ಮೇವು ಕೊಡುವ ಗಿಡಗಳನ್ನು ನೆಟ್ಟರು. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ಹಚ್ಚು’ ಎಂದರೆ ನೆಡುವುದು ಎಂಬುದನ್ನು ದಕ್ಷಿಣದ ಓದುಗರಿಗಾಗಿ ಹೇಳಬೇಕು. ಕಿತ್ತುಹಾಕುವುದಕ್ಕಿಂತ ನೆಡುವುದಕ್ಕೆ ಹೆಚ್ಚು ಒತ್ತು ಕೊಟ್ಟ ಆ ಹೆಸರೇ ಸತ್ಯಾಗ್ರಹಕ್ಕೆ ಜನಬೆಂಬಲ ತಂದಿತು.

ಒಂದೆಡೆ ನ್ಯಾಯಾಲಯ, ಇನ್ನೊಂದೆಡೆ ಬಯಲು. ಎರಡರಲ್ಲಿಯೂ ಒತ್ತಡ ಮುಂದುವರಿಯಿತು. ಶಾಸಕರು, ಸಂಸದರು, ವಿಜ್ಞಾನಿಗಳು ಯೋಜನೆಯ ವಿರುದ್ಧ ದನಿಗೂಡಿಸಿದರು. ಕೊನೆಗೆ 1991ರಲ್ಲಿ ಕಂಪನಿಯನ್ನು ಮುಚ್ಚುವ ನಿರ್ಧಾರವಾಯಿತು. ನ್ಯಾಯಾಲಯದ ಅಂತಿಮ ತೀರ್ಪಿಗಿಂತ ತಡೆಯಾಜ್ಞೆಯಿಂದ ದೊರೆತ ಕಾಲಾವಕಾಶವೇ ಇಲ್ಲಿ ನಿರ್ಣಾಯಕವಾದದ್ದು ಗಮನಾರ್ಹ. ಆ ಅವಧಿಯಲ್ಲಿ ಅಭಿಪ್ರಾಯ ರೂಪಿಸುವ ಕೆಲಸವನ್ನು ಸಂಸ್ಥೆ ಮಾಡಿತು.

ನಡುವಿನ ವರ್ಷಗಳು

ತೊಂಬತ್ತರ ದಶಕದಲ್ಲಿ ಪರಿಸರ ಮೊಕದ್ದಮೆಗಳ ಸ್ವರೂಪವೇ ಬದಲಾಯಿತು. ಗೋದಾವರ್ಮನ್ ತಿರುಮುಲ್ಪಾಡ್ ಪ್ರಕರಣದಲ್ಲಿ 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್, ಅರಣ್ಯ ಎಂಬ ಪದಕ್ಕೆ ನಿಘಂಟಿನ ಅರ್ಥವನ್ನೇ ಅನ್ವಯಿಸಬೇಕೆಂದಿತು. ಭೂಮಿಯ ಒಡೆತನ ಯಾರದೆಂಬುದು ಮುಖ್ಯವಲ್ಲವೆಂದು ಹೇಳಿತು. ಅರಣ್ಯ ವಿಷಯಗಳಿಗಾಗಿಯೇ ಪ್ರತ್ಯೇಕ ಪೀಠ ಕೂರತೊಡಗಿತು. ಸ್ಥಳ ಪರಿಶೀಲನೆ ಮಾಡಿ ವರದಿ ಕೊಡಲು 2002ರಲ್ಲಿ ಕೇಂದ್ರ ಉನ್ನತಾಧಿಕಾರ ಸಮಿತಿ ರಚನೆಯಾಯಿತು. ಸಿಇಸಿ ಎಂದೇ ಪರಿಚಿತವಾದ ಈ ಸಮಿತಿಯ ಹೆಸರು ಮುಂದೆ ಗಣಿ ಪ್ರಕರಣದುದ್ದಕ್ಕೂ ಕೇಳಿಬರುತ್ತದೆ.

ಕರ್ನಾಟಕದಲ್ಲಿ ಈ ಹೊಸ ವ್ಯವಸ್ಥೆಯ ಮೊದಲ ದೊಡ್ಡ ಪರಿಣಾಮ ಕುದುರೆಮುಖದಲ್ಲಿ ಕಂಡಿತು. ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಅವರ ಅರ್ಜಿಯ ಮೇಲೆ 2002ರ ಅಕ್ಟೋಬರ್ 30ರಂದು ತೀರ್ಪು ಬಂದು, 2005ರ ಕೊನೆಗೆ ಅಲ್ಲಿನ ಅದಿರು ತೆಗೆಯುವಿಕೆ ಮುಗಿಯಿತು. ಕೇಂದ್ರ ಸರ್ಕಾರದ ಕಂಪನಿಯೊಂದರ ಗಣಿಯನ್ನು ನಾಗರಿಕರ ಅರ್ಜಿಯೊಂದು ನಿಲ್ಲಿಸಬಹುದೆಂಬುದು ಆಗ ಅನೇಕರಿಗೆ ನಂಬಲಾಗದ ಸಂಗತಿಯಾಗಿತ್ತು.

ಆದರೆ ಅದೇ ಹೊತ್ತಿಗೆ ರಾಜ್ಯದ ಮತ್ತೊಂದು ಭಾಗದಲ್ಲಿ ಬೇರೆಯದೇ ಕಥೆ ಆರಂಭವಾಗಿತ್ತು. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿತು. ಬಳ್ಳಾರಿ, ಹೊಸಪೇಟೆ, ಸಂಡೂರುಗಳ ಜೊತೆಗೆ ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ ಮತ್ತು ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿಯ ಗುಡ್ಡಗಳಿಗೂ ಬೆಲೆ ಬಂತು. ಹಿಂದೆ ಯಾರೂ ಕೇಳದಿದ್ದ ಕಡಿಮೆ ದರ್ಜೆಯ ಅದಿರನ್ನು ಸಹ ಹಡಗು ತುಂಬಿ ಕಳುಹಿಸುವ ಕಾಲ ಅದು.

562ನೇ ಅರ್ಜಿ

ಅಕ್ರಮ ಗಣಿಗಾರಿಕೆಯ ತನಿಖೆಯನ್ನು ರಾಜ್ಯ ಸರ್ಕಾರ 2007ರಲ್ಲಿ ಲೋಕಾಯುಕ್ತರಿಗೆ ವಹಿಸಿತು. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರ ಮೊದಲ ವರದಿ 2008ರ ಡಿಸೆಂಬರ್‌ನಲ್ಲಿ ಸಲ್ಲಿಕೆಯಾಯಿತು. ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಗಣಿ ಗಡಿಗಳನ್ನು ಅಳೆದು, ಪರ್ಮಿಟ್‌ಗಳನ್ನು ಬಂದರಿನ ಲೆಕ್ಕದೊಂದಿಗೆ ತಾಳೆ ನೋಡಿ ದಾಖಲೆ ಸಿದ್ಧಪಡಿಸಿತ್ತು. ವರದಿ ಸರ್ಕಾರದ ಮೇಜಿನ ಮೇಲೆಯೇ ಉಳಿಯಿತೆಂಬ ಅಸಮಾಧಾನ ವ್ಯಾಪಕವಾಗಿತ್ತು.

ಮರುವರ್ಷ ಸಮುದಾಯವು ಸುಪ್ರೀಂ ಕೋರ್ಟಿಗೆ ಹೋಯಿತು. ಕರ್ನಾಟಕ ಮತ್ತು ಆಗಿನ ಆಂಧ್ರಪ್ರದೇಶದ ಗಡಿಭಾಗದ ಅಕ್ರಮ ಗಣಿಗಾರಿಕೆ ನಿಲ್ಲಿಸಬೇಕು, ಕಾನೂನು ಉಲ್ಲಂಘಿಸಿದ ಗುತ್ತಿಗೆಗಳನ್ನು ರದ್ದುಪಡಿಸಬೇಕು ಎಂಬುದು ಅರ್ಜಿಯ ಸಾರ. ನ್ಯಾಯಾಲಯವು ಸಿಇಸಿಗೆ ಪರಿಶೀಲನೆ ವಹಿಸಿತು. 2011ರ ಮೇ 6ರಂದು ಗುತ್ತಿಗೆ ಗಡಿಗಳ ಜಂಟಿ ಸರ್ವೆಗೆ ತಂಡ ರಚಿಸಿತು. ಜುಲೈ 27ರಂದು ಲೋಕಾಯುಕ್ತರ ಅಂತಿಮ ವರದಿ ಹೊರಬಂತು. 2006ರಿಂದ 2010ರ ಅವಧಿಯಲ್ಲಿ ಬೊಕ್ಕಸಕ್ಕಾದ ನಷ್ಟವನ್ನು ಅದು 16,085 ಕೋಟಿ ರೂಪಾಯಿ ಎಂದು ಅಂದಾಜಿಸಿತ್ತು. ವರದಿ ಬಂದ ಎರಡನೇ ದಿನ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಂತಿತು, ನಾಲ್ಕನೇ ದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ನೀಡಿದರು. ಗಣಿ ಕಂಪನಿಗಳಿಂದ ಬಂದ ದೇಣಿಗೆ ಕುರಿತು 2012ರ ಮೇ 11ರಂದು ನ್ಯಾಯಾಲಯ ಸಿಬಿಐ ತನಿಖೆಗೆ ಆದೇಶಿಸಿತು. ಆ ಪ್ರಕರಣದಲ್ಲಿ 2016ರ ಅಕ್ಟೋಬರ್‌ನಲ್ಲಿ ವಿಶೇಷ ನ್ಯಾಯಾಲಯ ಯಡಿಯೂರಪ್ಪ ಅವರನ್ನು ಖುಲಾಸೆಗೊಳಿಸಿತು.

ರಾಜಕೀಯ ಸುದ್ದಿಯ ಅಬ್ಬರದಲ್ಲಿ ಹಿಂದೆ ಸರಿದ ಸಂಗತಿಯೆಂದರೆ ನ್ಯಾಯಾಲಯ ಕಟ್ಟಿದ ವ್ಯವಸ್ಥೆ. ಸರ್ವೆ ಆಧರಿಸಿ 166 ಗುತ್ತಿಗೆಗಳನ್ನು ಎ, ಬಿ, ಸಿ ಎಂದು ಮೂರು ವರ್ಗಗಳಾಗಿ ಸಿಇಸಿ ವಿಂಗಡಿಸಿತು. ಅಕ್ರಮ ಇಲ್ಲದ ಅಥವಾ ಅತ್ಯಲ್ಪವಾಗಿರುವ ಗಣಿಗಳು ಎ ವರ್ಗ. ಗಡಿ ದಾಟಿ ತೋಡಿದ ಗುಂಡಿ ಗುತ್ತಿಗೆ ಪ್ರದೇಶದ ಶೇಕಡ 10ರವರೆಗೆ, ಹೊರಗೆ ಸುರಿದ ಮಣ್ಣಿನ ರಾಶಿ ಶೇಕಡ 15ರವರೆಗೆ ಇದ್ದರೆ ಬಿ ವರ್ಗ. ಅದನ್ನೂ ಮೀರಿದವು ಅಥವಾ ಅರಣ್ಯ ಕಾಯ್ದೆಯನ್ನು ರಾಜಾರೋಷವಾಗಿ ಮುರಿದವು ಸಿ ವರ್ಗ. ಬಿ ವರ್ಗದವರು ಅಕ್ರಮವಾಗಿ ತೋಡಿದ ಗುಂಡಿಗೆ ಹೆಕ್ಟೇರಿಗೆ 5 ಕೋಟಿ ರೂಪಾಯಿ, ಮಣ್ಣು ಸುರಿದ ಜಾಗಕ್ಕೆ ಹೆಕ್ಟೇರಿಗೆ 1 ಕೋಟಿ ರೂಪಾಯಿ ಪರಿಹಾರ ಕಟ್ಟಬೇಕು.

2013ರ ಏಪ್ರಿಲ್ 18ರಂದು ನ್ಯಾಯಮೂರ್ತಿಗಳಾದ ಅಫ್ತಾಬ್ ಆಲಂ, ಕೆ.ಎಸ್. ರಾಧಾಕೃಷ್ಣನ್ ಮತ್ತು ರಂಜನ್ ಗೊಗೊಯ್ ಅವರ ಪೀಠ ಈ ವಿಂಗಡಣೆಯನ್ನು ಒಪ್ಪಿತು. ಸಿ ವರ್ಗದ ಗುತ್ತಿಗೆಗಳು ರದ್ದಾದವು. ಎ ಮತ್ತು ಬಿ ವರ್ಗದವು ಸುಧಾರಣೆ ಮತ್ತು ಪುನಶ್ಚೇತನ ಯೋಜನೆ ಸಿದ್ಧಪಡಿಸಿ, ಅದನ್ನು ಜಾರಿಗೊಳಿಸುವ ಷರತ್ತಿನ ಮೇಲೆ ಪುನರಾರಂಭಿಸಬಹುದೆಂದಾಯಿತು. ಗಣಿಯವರ ಮಾತಿನಲ್ಲಿ ‘ಆರ್ ಅಂಡ್ ಆರ್’ ಎಂದು ಕರೆಯಲಾಗುವ ಈ ಯೋಜನೆಗಳಲ್ಲಿ ಮಣ್ಣಿನ ರಾಶಿ ಜರಿಯದಂತೆ ತಡೆಗೋಡೆ, ಹಳ್ಳಗಳಿಗೆ ಹೂಳು ಇಳಿಯದಂತೆ ಚೆಕ್ ಡ್ಯಾಂ, ರಸ್ತೆಗಳಿಗೆ ನೀರು ಚಿಮುಕಿಸುವಿಕೆ, ಗಿಡ ನೆಡುವಿಕೆಯಂತಹ ಕೆಲಸಗಳಿವೆ. ಅದಿರನ್ನು ಉಸ್ತುವಾರಿ ಸಮಿತಿಯ ಮೂಲಕ ಇ-ಹರಾಜಿನಲ್ಲಿಯೇ ಮಾರಬೇಕೆಂಬ ನಿಯಮವೂ ಬಂತು.

ಉತ್ಪಾದನೆಗೆ ಮಿತಿ ಹಾಕಿದ್ದು ಇನ್ನೊಂದು ಮುಖ್ಯ ಅಂಶ. ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್, ಚಿತ್ರದುರ್ಗ ಮತ್ತು ತುಮಕೂರಿಗೆ ಒಟ್ಟಾಗಿ 50 ಲಕ್ಷ ಟನ್. ಗಣಿಯಲ್ಲಿ ಎಷ್ಟು ಅದಿರಿದೆ ಎಂಬುದಷ್ಟೇ ಅಲ್ಲ, ರಸ್ತೆ, ಗಾಳಿ ಮತ್ತು ನೆಲ ಎಷ್ಟನ್ನು ತಾಳಿಕೊಳ್ಳಬಲ್ಲವು ಎಂಬುದೂ ಲೆಕ್ಕಕ್ಕೆ ಬರಬೇಕೆಂಬ ವಿಚಾರ ಈ ಮಿತಿಯ ಹಿಂದಿತ್ತು. ಭಾರತದ ಗಣಿ ಕಾನೂನಿನಲ್ಲಿ ಇದು ಹೊಸ ಹೆಜ್ಜೆ.

ಚಿತ್ರದುರ್ಗದ ಲೆಕ್ಕ

ಬಳ್ಳಾರಿಯ ಹೆಸರಿನ ಮುಂದೆ ಚಿತ್ರದುರ್ಗದ ಹೆಸರು ಸದಾ ಎರಡನೆಯದು. ಅದಕ್ಕೆ ಕಾರಣವೂ ಇದೆ. ಇಲ್ಲಿನ ಗಣಿಗಳ ಸಂಖ್ಯೆ ಕಡಿಮೆ, ಅದಿರಿನ ದರ್ಜೆಯೂ ಸಾಮಾನ್ಯವಾಗಿ ಕಡಿಮೆ. ಮೇಗಳಹಳ್ಳಿ ಮತ್ತು ಭೀಮಸಮುದ್ರದ ಸುತ್ತಿನ ಗಣಿಗಳಲ್ಲಿ ಸೆಸಾ ಗೋವಾ, ಮುಂದೆ ವೇದಾಂತ ಸಮೂಹದ ಗಣಿ ದೊಡ್ಡದು. ಭೀಮಸಮುದ್ರ ಅಡಿಕೆ ವ್ಯಾಪಾರಕ್ಕೆ ರಾಜ್ಯದಲ್ಲಿಯೇ ಹೆಸರಾದ ಊರು ಎಂಬುದನ್ನು ನೆನೆದರೆ, ತೋಟ ಮತ್ತು ಗಣಿ ಎಷ್ಟು ಹತ್ತಿರದ ನೆರೆಹೊರೆಯವು ಎಂಬುದು ಅರ್ಥವಾದೀತು.

ನಿಷೇಧದ ಅವಧಿಯಲ್ಲಿ ಸಾಲ ಮಾಡಿ ಲಾರಿ ಕೊಂಡವರ ಪಾಡು ಕಷ್ಟವಾಯಿತು. ಕಂತು ಕಟ್ಟಲಾಗದೆ ವಾಹನ ಕಳೆದುಕೊಂಡವರಿದ್ದರು. ಅಕ್ರಮ ಮಾಡಿದವರಿಗೂ ಮಾಡದವರಿಗೂ ಏಕಕಾಲಕ್ಕೆ ಬಾಗಿಲು ಮುಚ್ಚಿದ್ದು ನ್ಯಾಯವೇ ಎಂದು ಕಂಪನಿಗಳೂ ಕಾರ್ಮಿಕರೂ ಕೇಳಿದರು. ಆ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕಲಾಗದು. ಸರ್ವೆ ಮುಗಿಯುವವರೆಗೆ ಯಾರು ಗಡಿ ದಾಟಿದ್ದಾರೆ, ಯಾರು ದಾಟಿಲ್ಲ ಎಂಬುದು ಅಧಿಕೃತವಾಗಿ ಯಾರಿಗೂ ತಿಳಿದಿರಲಿಲ್ಲ. ಗಡಿಕಲ್ಲುಗಳೇ ಸ್ಥಳಾಂತರಗೊಂಡಿದ್ದ ಪರಿಸ್ಥಿತಿಯಲ್ಲಿ ಎಲ್ಲವನ್ನೂ ನಿಲ್ಲಿಸಿ ಅಳೆಯುವುದು ನ್ಯಾಯಾಲಯಕ್ಕೆ ಕಂಡ ದಾರಿ. ಇಲಾಖೆಗಳು ತಮ್ಮ ಕರ್ತವ್ಯವನ್ನು ಕಾಲಕಾಲಕ್ಕೆ ಮಾಡಿದ್ದರೆ ಕಾರ್ಮಿಕ ಆ ಬೆಲೆ ತೆರಬೇಕಾಗಿರಲಿಲ್ಲ.

ನಿಷೇಧ ತೆರವಾದ ಬಳಿಕ ಅಂಕಿಗಳು ಒಂದೇ ದಿಕ್ಕಿನಲ್ಲಿ ಸಾಗಿವೆ. 2017ರ ಡಿಸೆಂಬರ್‌ನಲ್ಲಿ ಚಿತ್ರದುರ್ಗ ಮತ್ತು ತುಮಕೂರಿನ ಮಿತಿ 70 ಲಕ್ಷ ಟನ್‌ಗೆ ಏರಿತು. 2022ರ ಮೇ 20ರಂದು ಇ-ಹರಾಜಿನ ಕಡ್ಡಾಯ ಸಡಿಲಗೊಂಡು ರಫ್ತಿಗೂ ಅವಕಾಶ ದೊರೆಯಿತು. ಅದೇ ವರ್ಷದ ಆಗಸ್ಟ್ 26ರಂದು, ಅಂದರೆ ನಿಷೇಧಾಜ್ಞೆಗೆ ಸರಿಯಾಗಿ 11 ವರ್ಷ ತುಂಬಿದ ದಿನ, ಈ ಎರಡು ಜಿಲ್ಲೆಗಳ ಮಿತಿಯನ್ನು 1.5 ಕೋಟಿ ಟನ್‌ಗೂ ಬಳ್ಳಾರಿಯದನ್ನು 3.5 ಕೋಟಿ ಟನ್‌ಗೂ ಏರಿಸಲಾಯಿತು. ಬಳ್ಳಾರಿಯ ಮಿತಿ ಒಂದೂವರೆ ಪಟ್ಟಿಗಿಂತಲೂ ಕಡಿಮೆ ಹೆಚ್ಚಿದರೆ, ಚಿತ್ರದುರ್ಗ ಮತ್ತು ತುಮಕೂರಿನದು ಮೂರು ಪಟ್ಟಾಯಿತು. ಎರಡನೆಯ ಹೆಸರಿನ ಜಿಲ್ಲೆಗೆ ಈ ವಿಷಯದಲ್ಲಿ ಮೊದಲ ಸ್ಥಾನ ಸಿಕ್ಕಿತು ಎನ್ನಬೇಕೇನೋ.

ಪಕ್ಕದ ಕಾವಲು, ಬೇರೆ ಸಂಸ್ಥೆ

ಗಣಿ ಮೊಕದ್ದಮೆ ದೆಹಲಿಯಲ್ಲಿ ನಡೆಯುತ್ತಿದ್ದಾಗಲೇ ಚಿತ್ರದುರ್ಗ ಜಿಲ್ಲೆಯ ಮತ್ತೊಂದು ಪ್ರಕರಣ ಚೆನ್ನೈ ತಲುಪಿತ್ತು. ಹಿರಿಯೂರಿಗೆ ಹೊಂದಿಕೊಂಡ ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳದ್ದು ಆ ಪ್ರಕರಣ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ಹುಲ್ಲುಗಾವಲುಗಳಿವು. ಹೈದರ್ ಮತ್ತು ಟಿಪ್ಪು ಸೈನ್ಯದ ಸಾಗಾಣಿಕೆಗೆ ಈ ತಳಿಯ ಎತ್ತುಗಳನ್ನೇ ನೆಚ್ಚಿದ್ದರು. ಸುತ್ತಲಿನ ಊರುಗಳ ಕುರಿ, ದನಗಳಿಗೂ ಕಂಬಳಿ ನೇಕಾರರಿಗೂ ಈ ಕಾವಲೇ ಆಧಾರ.

2007ರಿಂದ 2010ರ ಅವಧಿಯಲ್ಲಿ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳ ಭೂಮಿಯನ್ನು ಸರ್ಕಾರ ವೈಜ್ಞಾನಿಕ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿತು. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಇಸ್ರೋಗೆ 573 ಎಕರೆ. ಬೇಲಿ ಎದ್ದ ಮೇಲೆ ಮಾತ್ರ ಹಂಚಿಕೆಯ ವ್ಯಾಪ್ತಿ ಊರವರಿಗೆ ಅರಿವಾಯಿತು. ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್‌ನ ಲಿಯೋ ಸಲ್ಡಾನ ಅವರು 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ ಅರ್ಜಿ ಸಲ್ಲಿಸಿದರು. ತೊಂಬತ್ತರ ದಶಕದ ಉತ್ತರಾರ್ಧದಲ್ಲಿ ಆರಂಭವಾದ ಈ ಸಂಸ್ಥೆ, ಬೆಂಗಳೂರಿನ ಕೆರೆಗಳ ಖಾಸಗೀಕರಣದ ವಿರುದ್ಧ 2008ರಲ್ಲಿ ಹೈಕೋರ್ಟಿಗೆ ಹೋಗಿ ಹೆಸರಾಗಿತ್ತು.

ನ್ಯಾಯಮಂಡಳಿ ಸತ್ಯಶೋಧನಾ ಸಮಿತಿ ನೇಮಿಸಿತು. 2014ರ ಆಗಸ್ಟ್ 27ರಂದು ಅಂತಿಮ ಆದೇಶ ನೀಡಿತು. ಭೂ ಹಂಚಿಕೆ ರದ್ದಾಗಲಿಲ್ಲ. ಪರಿಸರ ಅನುಮತಿ ಮುಂತಾದ ಷರತ್ತುಗಳಿಗೆ ಒಳಪಟ್ಟು ಯೋಜನೆಗಳು ಮುಂದುವರಿದವು. 2017ರ ಮೇ ತಿಂಗಳಲ್ಲಿ ಅಲ್ಲಿ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು.

ಒಂದೇ ಜಿಲ್ಲೆ, ಹೆಚ್ಚುಕಡಿಮೆ ಒಂದೇ ಕಾಲ, ಫಲಿತಾಂಶ ಮಾತ್ರ ಬೇರೆ. ಅಕ್ರಮ ಗಣಿಯ ಎದುರು ಲೋಕಾಯುಕ್ತ ವರದಿ, ಉಪಗ್ರಹ ಚಿತ್ರ, ಸರ್ವೆಗಳ ಆಧಾರವಿತ್ತು. ಎದುರಿಗಿದ್ದವರು ಲಾಭದ ಕಂಪನಿಗಳು. ಕಾವಲಿನ ಎದುರು ನಿಂತದ್ದು ರಾಷ್ಟ್ರದ ಹೆಸರು. ಕುರಿ ಮೇಯಿಸುವ ಹಕ್ಕನ್ನು ಯಾವ ಕಡತದಿಂದ ತೋರಿಸುವುದು ಎಂಬ ಕುಸನೂರಿನ ಹಳೆಯ ಪ್ರಶ್ನೆ ಇಲ್ಲಿ ಮತ್ತೆ ಎದ್ದಿತು, ಈ ಬಾರಿ ಉತ್ತರ ಊರವರ ಕಡೆಗೆ ವಾಲಲಿಲ್ಲ.

ಹಣದ ಪೆಟ್ಟಿಗೆ

ಗಣಿ ತೀರ್ಪಿನ ಉಳಿದ ಭಾಗ ಹಣಕ್ಕೆ ಸಂಬಂಧಿಸಿದ್ದು. ದಂಡ, ಪರಿಹಾರ, ಹರಾಜಾದ ಅದಿರಿನ ಮೊತ್ತದ ಪಾಲು, ಇವೆಲ್ಲವನ್ನೂ ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕಾಗಿಯೇ ವಿನಿಯೋಗಿಸಬೇಕೆಂದು ನ್ಯಾಯಾಲಯ ಸೂಚಿಸಿತ್ತು. ಅದಕ್ಕಾಗಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಸ್ಥಾಪನೆಯಾಯಿತು. ಸಾವಿರಾರು ಕೋಟಿ ರೂಪಾಯಿ ಸಂಗ್ರಹವಾದರೂ ವರ್ಷಗಟ್ಟಲೆ ಅದು ಹಳ್ಳಿಗಳನ್ನು ತಲುಪಲಿಲ್ಲ. ಹೇಗೆ ಖರ್ಚು ಮಾಡಬೇಕೆಂಬ ಯೋಜನೆಯ ಬಗೆಗೆ ಸರ್ಕಾರ ಮತ್ತು ಅರ್ಜಿದಾರರ ನಡುವೆ ಭಿನ್ನಾಭಿಪ್ರಾಯವಿತ್ತು. ಗಣಿಯಿಂದ ನೊಂದ ಊರಿನ ನೀರು, ಗಾಳಿ, ಆರೋಗ್ಯಕ್ಕೆ ಹಣ ಹೋಗಬೇಕೇ ಹೊರತು ಸರ್ಕಾರ ಹೇಗೂ ಮಾಡಲೇಬೇಕಾದ ಸಾಮಾನ್ಯ ಕಾಮಗಾರಿಗಳಿಗಲ್ಲ ಎಂಬುದು ಸಮುದಾಯದ ನಿಲುವು. 2022ರಲ್ಲಿ ಸುಪ್ರೀಂ ಕೋರ್ಟ್ ಯೋಜನೆಯ ಮೇಲ್ವಿಚಾರಣೆಯನ್ನು ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರಿಗೆ ಒಪ್ಪಿಸಿತು.

ಇದಲ್ಲದೆ 2015ರ ಗಣಿ ಮತ್ತು ಖನಿಜ ಕಾಯ್ದೆಯ ತಿದ್ದುಪಡಿಯಿಂದ ಪ್ರತಿ ಗಣಿ ಜಿಲ್ಲೆಯಲ್ಲಿಯೂ ಜಿಲ್ಲಾ ಖನಿಜ ಪ್ರತಿಷ್ಠಾನ ಬಂದಿದೆ. ಎರಡೂ ಬೇರೆ ಬೇರೆ ನಿಧಿಗಳು. ಒಂದು ನ್ಯಾಯಾಲಯದ ಆದೇಶದಿಂದ ಹುಟ್ಟಿದ್ದು, ಇನ್ನೊಂದು ಸಂಸತ್ತಿನ ಕಾಯ್ದೆಯಿಂದ. ಗ್ರಾಮ ಪಂಚಾಯಿತಿ ಸದಸ್ಯರೂ ಇವೆರಡನ್ನು ಒಂದೆಂದು ತಿಳಿಯುವುದುಂಟು. ಕೇಳಬೇಕಾದ ಕಚೇರಿ ಯಾವುದೆಂಬುದು ತಿಳಿಯದಿದ್ದರೆ ಅರ್ಜಿ ಅಲೆಯುವುದರಲ್ಲಿಯೇ ವರ್ಷ ಕಳೆಯುತ್ತದೆ.

ತುಂಗಭದ್ರೆಯ ನೀರಿನಿಂದ ಆರಂಭಿಸಿ ನಾಲ್ಕು ದಶಕ ಸಾಗಿದ ಸಮುದಾಯ ಗಾತ್ರದಲ್ಲಿ ದೊಡ್ಡದಾಗಲಿಲ್ಲ. ಬೆಳೆದದ್ದು ಅದರ ಕಡತಗಳು. 2009ರಲ್ಲಿ ದಾಖಲಾದ ಅರ್ಜಿಯಲ್ಲಿ ಮೂಲ ತೀರ್ಪು ನಾಲ್ಕೇ ವರ್ಷಕ್ಕೆ ಬಂದರೂ, ಮಿತಿ ಏರಿಕೆ, ರಫ್ತು, ಪುನಶ್ಚೇತನ ನಿಧಿ ಎಂದು ಒಂದಾದ ಮೇಲೊಂದು ಮಧ್ಯಂತರ ಅರ್ಜಿಗಳ ಮೇಲೆ 13ನೇ ವರ್ಷದಲ್ಲಿಯೂ ಆದೇಶಗಳು ಹೊರಬಿದ್ದವು. ಕಂಪನಿಗಳ ಪರ ಪ್ರತಿ ಬಾರಿಯೂ ಹಿರಿಯ ವಕೀಲರ ಸಾಲು ಹಾಜರಿರುತ್ತದೆ. ಎದುರು ಬದಿಯಲ್ಲಿ ಧಾರವಾಡದಿಂದ ಕಡತ ಹೊತ್ತು ಬಂದವರು ಇರಬೇಕಾಗುತ್ತದೆ, ಪ್ರತಿ ಬಾರಿಯೂ.